ಸೈನಿಕರ ವಿಧವೆಯರೂ ವಿಧುರರೂ: ವಿಶ್ರಾಂತಿವೇತನದ ನ್ಯಾಯ

ಮಂಗಳೂರಿನಿಂದ ನೇತ್ರಾವತಿಯ ದಂಡೆಯನ್ನು ಅನುಸರಿಸಿ ಬಂಟವಾಳದ ಕಡೆಗೆ ಹೋಗತಕ್ಕವರಿಗೆ ನಡುದಾರಿಯಲ್ಲಿ ಫರಂಗಿಪೇಟೆಯು ಸಿಕ್ಕುತ್ತದೆ. ಹೆಸರೇ ಹೇಳುವಂತೆ ಇದು ಪರದೇಶದವರ ಕಾಲ್ದೂಳಿಯನ್ನು ಕಂಡ ಊರು. ಕಪುಚಿನ್ ಸಂನ್ಯಾಸಿಗಳ ಮೊಂಟೆ ಮರಿಯಾನೊ ಆಶ್ರಮವು ಇಲ್ಲಿಯೇ ಇದೆ. ದೇವಸ್ಥಾನಗಳೂ ಮಸೀದಿಗಳೂ ಸಮೀಪದಲ್ಲಿಯೇ ಉಂಟು. ಕೊಡಗಿನಂತೆ ಇದನ್ನು ಸಿಪಾಯಿಗಳ ಸೀಮೆಯೆಂದು ಯಾರೂ ಕರೆದುದಿಲ್ಲ. ಆದರೂ ಕರಾವಳಿಯ ಈ ಭಾಗದ ತರುಣರೂ ದಂಡಿಗೆ ಸೇರಿದ್ದಾರೆ, ಸೇರುತ್ತಲೂ ಇದ್ದಾರೆ. ಆದುದರಿಂದ ಸೈನಿಕನು ಸತ್ತ ಮೇಲೆ ಅವನ ಮನೆಯವರಿಗೆ ಏನು ಸಲ್ಲಬೇಕು, ಸಲ್ಲುತ್ತಿರುವುದು ನ್ಯಾಯವಾಗಿದೆಯೆ ಎಂಬ ಪ್ರಶ್ನೆಯನ್ನು ಈ ಊರಿನಲ್ಲಿ ನಿಂತು ಕೇಳಿದರೆ ತಪ್ಪೇನೂ ಇಲ್ಲ. ಇಲ್ಲಿ ಕೇಳಿದರೆ ಕೆಲವು ಸಂಗತಿಗಳು ಬೇರೆಡೆಗಿಂತ ಸ್ಪಷ್ಟವಾಗಿಯೇ ಕಾಣುತ್ತವೆ.

ಪ್ರಶ್ನೆಯೇನೋ ಹೊಸದಲ್ಲ. ಕ್ರಿ.ಶ. 949-50ರ ಆತಕೂರಿನ ಶಾಸನದಲ್ಲಿ ಗಂಗರ ಬೂತುಗನು ತನ್ನ ವೀರನಾದ ಮಣಲೇರನಿಗೆ ‘ಬಾಳ್ಗಚ್ಚು’ ಎಂಬ ಹೆಸರಿನಲ್ಲಿ ಭೂಮಿಯನ್ನು ಕೊಟ್ಟ ಸಂಗತಿಯಿದೆ. ಅದು ಬದುಕಿದ್ದ ವೀರನಿಗೆ ಸಂದ ಮನ್ನಣೆ. ಕಾಳಗದಲ್ಲಿ ಮಡಿದವನ ಮನೆಯವರಿಗೆ ಬಿಟ್ಟ ಭೂಮಿಗೆ ನಮ್ಮ ಹಿರಿಯರು ‘ನೆತ್ತರುಗೊಡಗೆ’ ಎಂದು ಹೆಸರಿಟ್ಟಿದ್ದರು. ಮಾತು ಒರಟಾದರೂ ಅರ್ಥವು ಖಚಿತವಾಗಿದೆ: ನೆತ್ತರು ಸುರಿದುದಕ್ಕಾಗಿ ಕೊಟ್ಟ ಕೊಡುಗೆ. ಇಂದಿನ ಪಿಂಚಣಿಯ ಕಾಗದಪತ್ರಗಳಲ್ಲಿ ಅಷ್ಟು ಖಚಿತವಾದ ಮಾತು ಸಿಕ್ಕುವುದು ಕಷ್ಟ. ಅಲ್ಲಿ ‘ಸಾಮಾನ್ಯ’, ‘ವಿಶೇಷ’, ‘ಉದಾರ’ ಎಂಬ ಮೂರು ಬಗೆಯ ಕುಟುಂಬ ಪಿಂಚಣಿಗಳಿವೆ. ಈ ಮೂರರ ಭೇದವನ್ನು ತಿಳಿಯದೆ ಮುಂದಿನ ಯಾವ ಮಾತೂ ತಿಳಿಯುವಂತಿಲ್ಲವಾದುದರಿಂದ ಅದನ್ನು ಮೊದಲು ವಿವರಿಸುತ್ತೇವೆ.

ಫರಂಗಿಪೇಟೆಯ ಒಂದೇ ಓಣಿಯಲ್ಲಿ ಮೂರು ಮನೆಗಳಿವೆಯೆಂದು ಊಹಿಸಿಕೊಳ್ಳೋಣ. ಮೂರರಿಂದಲೂ ಒಬ್ಬೊಬ್ಬನು ಸೈನ್ಯಕ್ಕೆ ಹೋದನು. ಮೂವರ ದರ್ಜೆಯೂ ಒಂದೇ; ಲೆಕ್ಕಕ್ಕೆ ಹಿಡಿಯತಕ್ಕ ತಿಂಗಳ ವೇತನವೂ ಒಂದೇ, ನಲವತ್ತು ಸಾವಿರ ರೂಪಾಯಿ ಎನ್ನೋಣ. ಒಬ್ಬನು ರಜದಲ್ಲಿ ಮನೆಗೆ ಬಂದಿರುವಾಗ ಸೇವೆಗೆ ಸಂಬಂಧವಿಲ್ಲದ ರೋಗದಿಂದ ತೀರಿಕೊಂಡನು. ಎರಡನೆಯವನು ಕರ್ತವ್ಯದ ಮೇಲಿರುವಾಗ ಲಾರಿ ಮಗುಚಿ ಸತ್ತನು. ಮೂರನೆಯವನು ಗಡಿಯಲ್ಲಿ ಶತ್ರುವಿನ ಗುಂಡಿಗೆ ಬಿದ್ದನು. ಮೊದಲನೆಯವನ ಹೆಂಡತಿಗೆ ಸಾಮಾನ್ಯ ಕುಟುಂಬ ಪಿಂಚಣಿ: ವೇತನದ ಶೇಕಡ 30, ಎಂದರೆ 12,000 ರೂಪಾಯಿ. ಸೇವೆಯಲ್ಲಿರುವಾಗಲೇ ಸತ್ತುದರಿಂದ ಮೊದಲಿನ ಹತ್ತು ವರ್ಷ ಮಾತ್ರ ಶೇಕಡ 50ರ ದರದಲ್ಲಿ 20,000 ದೊರೆಯುತ್ತದೆ. ಎರಡನೆಯವಳಿಗೆ ವಿಶೇಷ ಕುಟುಂಬ ಪಿಂಚಣಿ: ಶೇಕಡ 60, ಎಂದರೆ 24,000. ಮೂರನೆಯವಳಿಗೆ ಉದಾರ ಕುಟುಂಬ ಪಿಂಚಣಿ: ಗಂಡನ ಕೊನೆಯ ವೇತನವು ಪೂರ್ತಿಯಾಗಿ, 40,000. ಇದರ ಮೇಲೆ ತುಟ್ಟಿಭತ್ಯದ ಪರಿಹಾರವು ಎಲ್ಲರಿಗೂ ಅದೇ ಪ್ರಮಾಣದಲ್ಲಿ ಸೇರುತ್ತದೆ. ಹೀಗಾಗಿ ಅಂತರವು ರೂಪಾಯಿಗಳಲ್ಲಿ ಬೆಳೆಯುತ್ತ ಹೋಗುತ್ತದೆಯೇ ಹೊರತು ಕುಗ್ಗುವುದಿಲ್ಲ.

ಈ ಭೇದವು ಒಂದೇ ದಿನ ಬಂದುದಲ್ಲ. ಇಂದಿನ ರೂಪದ ಸಾಮಾನ್ಯ ಕುಟುಂಬ ಪಿಂಚಣಿಯು 1964ರಲ್ಲಿ ಜಾರಿಗೆ ಬಂದಿತು. ಯುದ್ಧದಲ್ಲಿ ಮಡಿದವರ ಮನೆಯವರಿಗೆ ಉದಾರವಾದ ಪಿಂಚಣಿಯು 1971ರ ಯುದ್ಧದ ಬೆನ್ನಿಗೆ, 1972ರಲ್ಲಿ ಬಂದಿತು. ಮರಣಗಳನ್ನು ಕಾರಣಕ್ಕೆ ಅನುಸಾರವಾಗಿ ಐದು ವರ್ಗಗಳಾಗಿ ವಿಂಗಡಿಸಿ, ಮೇಲೆ ಹೇಳಿದ ಪ್ರಮಾಣಗಳನ್ನು ನಿಗದಿಮಾಡಿದ ಕ್ರಮವು 1996ರ ಜನವರಿಯಿಂದ ಅನ್ವಯಿಸುತ್ತದೆ. ಏಳು ವರ್ಷ ಸೇವೆಯನ್ನು ಪೂರೈಸದೆ ಸತ್ತವನ ಹೆಂಡತಿಗೆ ಹೆಚ್ಚಿನ ದರದ ಸಾಮಾನ್ಯ ಪಿಂಚಣಿ ಇಲ್ಲವೆಂಬ ನಿಬಂಧನೆಯಿತ್ತು; ಅದು 2019ರ ಅಕ್ಟೋಬರ್ 1ರಿಂದ ತೆಗೆದುಹಾಕಲ್ಪಟ್ಟಿತು. ಎಳೆಯ ವಯಸ್ಸಿನ ವಿಧವೆಗೇ ಎಲ್ಲರಿಗಿಂತ ಕಡಿಮೆ ಕೊಡುತ್ತಿದ್ದ ಆ ನಿಬಂಧನೆ ಅಷ್ಟು ಕಾಲ ಹೇಗೆ ನಿಂತಿತೆಂಬುದು ನಮಗೆ ಆಶ್ಚರ್ಯ.

ಮೂರು ಮನೆಗಳಿಗೆ ಮರಳೋಣ. ಮೂವರು ಹೆಂಗಸರ ಅಕ್ಕಿಯ ಬೆಲೆ ಒಂದೇ. ಮಕ್ಕಳ ಶಾಲೆಯ ಶುಲ್ಕವೂ ಒಂದೇ. ಇಲ್ಲಿ ನ್ಯಾಯವೆಂದರೇನು? ಗುಂಡಿಗೆ ಎದೆಯೊಡ್ಡಿದವನ ಮನೆಗೆ ಹೆಚ್ಚು ಕೊಡುವುದನ್ನು ಯಾರೂ ಆಕ್ಷೇಪಿಸುವುದಿಲ್ಲ. ನೆತ್ತರುಗೊಡಗೆಯ ನಾಡಿನವರಾದ ನಾವಂತೂ ಆಕ್ಷೇಪಿಸಲಾರೆವು. ತೊಡಕು ಇರುವುದು ನಡುವಣ ಗೆರೆಗಳಲ್ಲಿ. ಹಿಮದ ಎತ್ತರದಲ್ಲಿ ವರ್ಷಗಟ್ಟಲೆ ಕಾವಲಿದ್ದು, ಅಲ್ಲಿಂದ ಇಳಿದು ಬಂದ ಕೆಲವು ತಿಂಗಳಿಗೆ ಹೃದಯ ನಿಂತು ಸತ್ತವನ ರೋಗವು ಸೇವೆಯಿಂದ ಬಂದುದೋ, ಸೇವೆಯಿಂದ ಉಲ್ಬಣಿಸಿದುದೋ, ಎರಡೂ ಅಲ್ಲವೋ? ಈ ಒಂದು ತೀರ್ಮಾನದ ಮೇಲೆ ಅವನ ಹೆಂಡತಿಗೆ ಜೀವಮಾನವೆಲ್ಲ ಸಿಕ್ಕುವುದು ಮೂವತ್ತೋ ಅರುವತ್ತೋ ಎಂಬುದು ನಿಂತಿದೆ. ತೀರ್ಮಾನಕ್ಕೆ ಬೇಕಾದ ದಾಖಲೆಗಳೆಲ್ಲ ಇಲಾಖೆಯ ಕೈಯಲ್ಲಿ. ಅಹವಾಲನ್ನು ಹೇಳಿಕೊಳ್ಳಬೇಕಾದವಳು ನೂರಾರು ಹರದಾರಿ ದೂರದ ಓಣಿಯಲ್ಲಿ. 2007ರ ಕಾನೂನಿನಿಂದ ಸೇನಾ ನ್ಯಾಯಾಧಿಕರಣವು ಏರ್ಪಟ್ಟ ಮೇಲೆ ಇಂತಹ ವಿವಾದಗಳಿಗೆ ಒಂದು ಬಾಗಿಲು ತೆರೆದಿದೆಯೆಂಬುದು ನಿಜ. ಆದರೆ ಬಾಗಿಲು ಇರುವುದು ಬೇರೆ, ಅಲ್ಲಿಯವರೆಗೆ ನಡೆದುಹೋಗುವ ಶಕ್ತಿ ಇರುವುದು ಬೇರೆ. ಸಂದೇಹವು ಇದ್ದಲ್ಲಿ ಅದರ ಫಲವು ವಿಧವೆಯ ಕಡೆಗೆ ವಾಲಬೇಕೆಂಬುದೇ ನಮ್ಮ ಅಭಿಪ್ರಾಯ.

ಈಗ ಕಠಿನತರವಾದ ವಿಷಯಕ್ಕೆ ಬರುತ್ತೇವೆ: ಮರುವಿವಾಹ.

ಪಿಂಚಣಿಯೆಂಬುದು ಏನು? ಇದಕ್ಕೆ ಎರಡು ಉತ್ತರಗಳುಂಟು. ಗಂಡನಿಲ್ಲದವಳ ಹೊಟ್ಟೆಪಾಡಿಗಾಗಿ ಸರ್ಕಾರವು ಕೊಡುವ ಜೀವನಾಂಶವೆಂಬುದು ಒಂದು. ಗಂಡನು ದುಡಿದು ಸಂಪಾದಿಸಿದ ವೇತನದ ಮುಂದೂಡಲ್ಪಟ್ಟ ಭಾಗವೆಂಬುದು ಇನ್ನೊಂದು. ಮೊದಲನೆಯ ಉತ್ತರವನ್ನು ಹಿಡಿದರೆ, ಅವಳು ಮತ್ತೆ ಮದುವೆಯಾದೊಡನೆ ಸಾಕತಕ್ಕವನು ಬಂದನು, ಜೀವನಾಂಶವು ನಿಲ್ಲಬಹುದು. ಎರಡನೆಯದನ್ನು ಹಿಡಿದರೆ ಸಂಪಾದನೆಯು ಆಗಿಹೋದದ್ದು. ಅವಳ ಮದುವೆಗೂ ಅದಕ್ಕೂ ಸಂಬಂಧವಿಲ್ಲ. ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು 1982ರ ಡಿಸೆಂಬರ್ 17ರಂದು ನಕಾರಾ ಎಂಬವರ ಮೊಕದ್ದಮೆಯಲ್ಲಿ, ಪಿಂಚಣಿಯು ಧಣಿಯ ಮರ್ಜಿಯಿಂದ ಬರುವ ದಾನವಲ್ಲ, ಸಲ್ಲಿಸಿದ ಸೇವೆಯಿಂದ ಬಂದ ಹಕ್ಕು ಎಂಬ ಅಭಿಪ್ರಾಯವನ್ನು ವಿಸ್ತಾರವಾಗಿ ಪ್ರತಿಪಾದಿಸಿತು. 1985ರಲ್ಲಿ ಪೂನಮಲ್ ಎಂಬ ವಿಧವೆಯ ಮೊಕದ್ದಮೆಯಲ್ಲಿ, 1964ಕ್ಕಿಂತ ಹಿಂದಿನ ನೌಕರರ ವಿಧವೆಯರಿಗೂ 1977ರ ಸೆಪ್ಟೆಂಬರ್ 22ರಿಂದ ಕುಟುಂಬ ಪಿಂಚಣಿಯು ಸಲ್ಲುವಂತಾಯಿತು. ಹೀಗೆ ತತ್ತ್ವವು ಎರಡನೆಯ ಉತ್ತರದ ಕಡೆಗೆ ನಡೆದಿದೆ. ನಿಬಂಧನೆಗಳು ಮಾತ್ರ ಬಹುಕಾಲ ಮೊದಲನೆಯ ಉತ್ತರದಲ್ಲಿಯೇ ನಿಂತಿದ್ದವು.

ಅದಕ್ಕೂ ವಿಚಿತ್ರವಾದ ಒಂದು ವಿನಾಯಿತಿ ಇತ್ತು. ಶೌರ್ಯಪದಕ ಪಡೆದವರಿಗೆ ಸಲ್ಲುವ ಹಣಭತ್ಯವನ್ನು ನೋಡಿ. 1972ರ ಆಜ್ಞೆಯೂ ಅದನ್ನು ತಿದ್ದಿದ 1995ರ ಆಜ್ಞೆಯೂ ಹೇಳಿದುದು ಇಷ್ಟು: ಪದಕಧಾರಿಯ ವಿಧವೆಗೆ ಅವಳು ಸಾಯುವವರೆಗೆ ಅಥವಾ ಮರುಮದುವೆಯಾಗುವವರೆಗೆ ಈ ಭತ್ಯವು ನಡೆಯತಕ್ಕದ್ದು, ಆದರೆ ಅವಳು ತೀರಿಕೊಂಡ ಗಂಡನ ಸಹೋದರನನ್ನೇ ಮದುವೆಯಾಗಿ ಮನೆಯವರೊಡನೆ ಕೂಡಿಬಾಳಿದರೆ ಭತ್ಯವು ಮುಂದುವರಿಯತಕ್ಕದ್ದು. ಇಂತಹ ಷರತ್ತು ಸೈನಿಕರ ಕುಟುಂಬ ಪಿಂಚಣಿಯ ನಿಬಂಧನೆಗಳಲ್ಲಿಯೂ ದೀರ್ಘಕಾಲ ಕಾಣಿಸಿಕೊಂಡಿತ್ತು. ಇದರ ಹಿಂದೆ ಯಾವ ಸೀಮೆಯ ರೂಢಿಯ ನೆರಳಿದೆಯೆಂದು ಊಹಿಸುವುದು ಕಷ್ಟವಲ್ಲ. ಬ್ರಿಟಿಷರ ಕಾಲದಲ್ಲಿ ಸೈನ್ಯದ ಬಹುಭಾಗವು ಪಂಜಾಬದಿಂದ ಬರುತ್ತಿತ್ತು. ಅಲ್ಲಿಯ ಒಕ್ಕಲು ಕುಲಗಳಲ್ಲಿ ವಿಧವೆಯನ್ನು ಮೈದುನನಿಗೆ ಕೂಡಿಸುವ ‘ಕರೇವಾ’ ಎಂಬ ಪದ್ಧತಿಯುಂಟು. ಹೊಲವೂ ಮನೆಯೊಳಗೇ ಉಳಿಯಿತು, ಹೆಂಗಸೂ ಮನೆಯೊಳಗೇ ಉಳಿದಳು. ಪಿಂಚಣಿಯೂ ಅದೇ ಮನೆಯೊಳಗೆ ಉಳಿಯಲೆಂದು ನಿಬಂಧನೆಯು ಹಾರೈಸಿದಂತೆ ತೋರುತ್ತದೆ.

ಆ ನಿಬಂಧನೆಯನ್ನು ನೇತ್ರಾವತಿಯ ದಂಡೆಗೆ ತಂದರೆ ಏನಾಗುತ್ತದೆ? ಇಲ್ಲಿ ಬಂಟರು, ಬಿಲ್ಲವರು ಮೊದಲಾದವರು ಅಳಿಯಸಂತಾನದ ಕಟ್ಟಿಗೆ ಸೇರಿದವರು. ಆ ಕಟ್ಟಿನಲ್ಲಿ ಹೆಣ್ಣು ಮದುವೆಯಾದರೂ ತನ್ನ ತಾಯಿಯ ಕುಟುಂಬದವಳೇ. ಗಂಡನು ಸತ್ತರೆ ಅವಳು ತನ್ನ ತರವಾಡಿಗೆ ಮರಳುತ್ತಾಳೆ. ಅವಳ ಮರುವಿವಾಹಕ್ಕೆ ರೂಢಿಯ ತಡೆಯೂ ಇರಲಿಲ್ಲ. ಗಂಡನ ತಮ್ಮನ ಮನೆಯಲ್ಲಿ ‘ಕೂಡಿಬಾಳುವುದು’ ಎಂಬ ಮಾತಿಗೆ ಅಲ್ಲಿ ಅರ್ಥವೇ ಇಲ್ಲ. ಏಕೆಂದರೆ ಆ ಮನೆಯು ಎಂದಿಗೂ ಅವಳದಾಗಿರಲಿಲ್ಲ. ಕಥೋಲಿಕರ ಮನೆಗಳಲ್ಲಿ ತೊಡಕು ಇನ್ನೂ ಹೆಚ್ಚು. 1917ರ ಧರ್ಮಸಭೆಯ ಕಾನೂನಿನ ಪ್ರಕಾರ ಸತ್ತ ಗಂಡನ ಸಹೋದರನೊಡನೆ ವಿವಾಹವು ನಿಷಿದ್ಧ; ವಿಶೇಷ ಅನುಮತಿಯಿಲ್ಲದೆ ನಡೆದರೆ ಅದು ವಿವಾಹವೇ ಅಲ್ಲ. ಈ ನಿಷೇಧವು ಹೋದದ್ದು 1983ರ ಹೊಸ ಕಾನೂನಿನಿಂದ. ಎಂದರೆ ಫರಂಗಿಪೇಟೆಯ ಕಥೋಲಿಕ ಸೈನಿಕನ ವಿಧವೆಗೆ ಸರ್ಕಾರವು ಯಾವ ಮದುವೆಯನ್ನು ಮಾತ್ರ ಮನ್ನಿಸುತ್ತಿತ್ತೋ, ಅದೇ ಮದುವೆಯನ್ನು ಅವಳ ಇಗರ್ಜಿಯು ತಡೆಯುತ್ತಿತ್ತು! ಮುಸಲ್ಮಾನರಲ್ಲಿ ನಾಲ್ಕು ತಿಂಗಳು ಹತ್ತು ದಿನಗಳ ಇದ್ದತ್ ಕಳೆದ ಬಳಿಕ ವಿಧವೆಯು ತನಗೆ ಒಪ್ಪಿದವರನ್ನು ವರಿಸಬಹುದು. ಮೈದುನನೇ ಆಗಬೇಕೆಂಬ ಕಟ್ಟಳೆಯಿಲ್ಲ. ಹೀಗೆ ಒಂದು ಸೀಮೆಯ ಒಕ್ಕಲುಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂತಿರುವ ನಾಲ್ಕು ಸಾಲು ಇನ್ನೊಂದು ಸೀಮೆಯ ಒಬ್ಬಳಿಗೂ ಹೊಂದದೆ ಹೋಯಿತು. ಸಮಾನವಾದ ನಿಬಂಧನೆಯು ಸಮಾನವಾದ ನ್ಯಾಯವನ್ನು ಕೊಡುವುದಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಗೊತ್ತಿಲ್ಲ.

ಶೌರ್ಯಭತ್ಯದ ಮೇಲಿದ್ದ ಈ ಷರತ್ತು 2017ರ ನವೆಂಬರ್ 16ರ ಆಜ್ಞೆಯಿಂದ ರದ್ದಾಯಿತು. ವಿಶೇಷ ಮತ್ತು ಉದಾರ ಪಿಂಚಣಿಗಳ ವಿಷಯದಲ್ಲಿ, ಮರುಮದುವೆಯಾದ ಮೇಲೂ ಮಕ್ಕಳನ್ನು ಸಾಕುತ್ತಿರುವವಳಿಗೆ ಪಿಂಚಣಿಯು ಮುಂದುವರಿಯುವ ವ್ಯವಸ್ಥೆಯು 1996ರಿಂದ ಲೆಕ್ಕಕ್ಕೆ ಬಂದಿದೆ. ಸಾಮಾನ್ಯ ಪಿಂಚಣಿಯವಳ ಗತಿ ಬೇರೆ. ಅವಳು ಮದುವೆಯಾದರೆ ಸಾಮಾನ್ಯವಾಗಿ ಅವಳ ಪಾಲು ನಿಂತು ಅರ್ಹರಾದ ಮಕ್ಕಳಿಗೆ ವರ್ಗವಾಗುತ್ತದೆ. ಮಕ್ಕಳಿಗೆ ಅದು 25 ವಯಸ್ಸಿನವರೆಗೆ. ಮಕ್ಕಳಿಲ್ಲದ ವಿಧವೆಯಾದರೆ, ಆರನೆಯ ವೇತನ ಆಯೋಗದ ಬಳಿಕ, ಮರುಮದುವೆಯಾದರೂ ಅವಳ ಇತರ ಆದಾಯವು ಕನಿಷ್ಠ ಕುಟುಂಬ ಪಿಂಚಣಿಯನ್ನು ಮೀರದಿರುವವರೆಗೆ ಪಿಂಚಣಿಯು ಸಲ್ಲುತ್ತದೆ. ಮಕ್ಕಳಿರುವ ತಾಯಿಯ ಹಕ್ಕು ನಿಲ್ಲುವುದು, ಮಕ್ಕಳಿಲ್ಲದವಳದು ಉಳಿಯುವುದು: ಎರಡಕ್ಕೂ ಪ್ರತ್ಯೇಕವಾಗಿ ಕಾರಣಗಳನ್ನು ಹೇಳಬಹುದು, ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಕಾರಣವು ತೋಚುವುದಿಲ್ಲ.

ಆಸ್ತಿಯ ಕಾನೂನಿನಲ್ಲಿ ಈ ಶಿಕ್ಷೆಯು ಎಂದೋ ಹೋಗಿದೆ. 1856ರ ವಿಧವಾವಿವಾಹದ ಕಾನೂನು ಮರುಮದುವೆಗೆ ಒಪ್ಪಿಗೆ ಕೊಟ್ಟರೂ, ಹಾಗೆ ಮದುವೆಯಾದವಳು ಮೊದಲ ಗಂಡನ ಸ್ವತ್ತಿನ ಹಕ್ಕನ್ನು ಬಿಡಬೇಕೆಂದಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾನೂನಿನ ಬಳಿಕ ವಿಧವೆಗೆ ಬಂದ ಪಾಲು ಪೂರ್ಣ ಸ್ವಾಮ್ಯದ್ದು. ಹಳೆಯ ಕಾನೂನು 1983ರಲ್ಲಿ ರದ್ದೇ ಆಯಿತು. ಗಂಡನ ಅಡಕೆ ತೋಟದ ಪಾಲನ್ನು ಹಿಡಿದುಕೊಂಡು ಮರುಮದುವೆಯಾಗಬಹುದು, ಆದರೆ ಅವನ ಪಿಂಚಣಿಯನ್ನು ಹಿಡಿದುಕೊಂಡು ಆಗಬಾರದು ಎಂದರೆ ಸಾಮಾನ್ಯ ಬುದ್ಧಿಗೆ ಒಪ್ಪುವ ಮಾತಲ್ಲ.

ಹೊರದೇಶಗಳೂ ಇದೇ ಹಾದಿಯಲ್ಲಿ ಎಡವುತ್ತ ಬಂದಿವೆ. ಬ್ರಿಟನ್ನು ಮೊದಲನೆಯ ಮಹಾಯುದ್ಧದ ನಡುವೆ, 1916ರಲ್ಲಿ, ಪಿಂಚಣಿಗಾಗಿ ಒಂದು ಮಂತ್ರಿ ಇಲಾಖೆಯನ್ನೇ ಕಟ್ಟಿತು. ನಡತೆಯು ಸರಿಯಿಲ್ಲವೆಂಬ ಆರೋಪದ ಮೇಲೆ ವಿಧವೆಯ ಪಿಂಚಣಿಯನ್ನು ನಿಲ್ಲಿಸುವ ಅಧಿಕಾರವನ್ನೂ ಇಟ್ಟುಕೊಂಡಿತು. ಮರುಮದುವೆಯಾದ ಯುದ್ಧವಿಧವೆಯರು ಪಿಂಚಣಿಯನ್ನು ಜೀವಮಾನವೆಲ್ಲ ಉಳಿಸಿಕೊಳ್ಳಬಹುದೆಂಬ ನಿರ್ಧಾರವು ಅಲ್ಲಿ ಜಾರಿಗೆ ಬಂದದ್ದು 2015ರ ಏಪ್ರಿಲ್ 1ರಿಂದ. ಅದಕ್ಕಿಂತ ಹಿಂದೆ ಮದುವೆಯಾಗಿ ಕಳೆದುಕೊಂಡವರಿಗೆ ಹಕ್ಕು ಮರಳಲಿಲ್ಲ. 2023ರಲ್ಲಿ ಅಂಥವರಿಗೆ ಒಂದು ಸಲಕ್ಕೆ 87,500 ಪೌಂಡುಗಳನ್ನು ಕೊಡುವ ಯೋಜನೆಯು ಬಂದಿತು. ಎಂಟು ವರ್ಷ ಕಾದು ದೊರೆತ ಈ ಹಣವನ್ನು ನ್ಯಾಯವೆನ್ನುವುದೋ ಸಮಾಧಾನವೆನ್ನುವುದೋ ಶ್ರೋತೃಗಳೇ ನಿರ್ಣಯಿಸಲಿ.

ವಿಧುರರ ವಿಷಯವನ್ನು ಈ ತನಕ ಎತ್ತಲಿಲ್ಲ. ಎತ್ತದಿರುವುದೇ ಲೋಕದ ರೂಢಿ. ‘ವಿಧುರ’ ಎಂಬ ಶಬ್ದವು ನಿಘಂಟಿನಲ್ಲಿದ್ದರೂ ಬಾಯಲ್ಲಿ ಬರುವುದು ಅಪರೂಪ. ನಮ್ಮ ಸೈನ್ಯದಲ್ಲಿ ದಾದಿಯರ ಸೇವೆಯು ಹಳೆಯದು. ಇತರ ಶಾಖೆಗಳಲ್ಲಿ ಮಹಿಳಾ ಅಧಿಕಾರಿಗಳು ಸೇರತೊಡಗಿದ್ದು 1992ರಿಂದ. ಅವರಿಗೆ ಶಾಶ್ವತ ಆಯೋಗವನ್ನು ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2020ರ ಫೆಬ್ರವರಿ 17ರಂದು ತೀರ್ಪಿತ್ತಿತು. ಸಿಪಾಯಿಯ ದರ್ಜೆಯಲ್ಲಿ ಮಹಿಳೆಯರ ಮೊದಲ ತಂಡವು ಮಿಲಿಟರಿ ಪೋಲೀಸು ದಳಕ್ಕಾಗಿ ತರಬೇತಿಯನ್ನು ಮುಗಿಸಿದ್ದು 2021ರ ಮೇ ತಿಂಗಳಲ್ಲಿ, ನಮ್ಮ ಬೆಂಗಳೂರಿನಲ್ಲಿಯೇ. ಆದುದರಿಂದ ಸೈನಿಕಳ ಗಂಡನೆಂಬವನು ಇನ್ನು ಮೇಲೆ ಊಹೆಯ ಮನುಷ್ಯನಲ್ಲ. ಕಾಗದದ ಮೇಲೆ ಅವನಿಗೂ ಹೆಂಡತಿಗೂ ಭೇದವಿಲ್ಲ: ಪುರುಷ ನೌಕರನಾದರೆ ಹೆಂಡತಿ, ಸ್ತ್ರೀ ನೌಕರಳಾದರೆ ಗಂಡ ಎಂದೇ ಕುಟುಂಬದ ವ್ಯಾಖ್ಯೆಯಿದೆ. ಮರುಮದುವೆಯ ಕತ್ತರಿಯೂ ಇಬ್ಬರಿಗೂ ಇದೆ.

ಅಮೆರಿಕದಲ್ಲಿ ಇಷ್ಟು ಸುಲಭವಾಗಿ ಆಗಲಿಲ್ಲ. ಅಲ್ಲಿಯ ವಾಯುಸೈನ್ಯದ ಲೆಫ್ಟಿನೆಂಟ್ ಶಾರನ್ ಫ್ರಾಂಟಿಯೆರೊ ಎಂಬವರು ಗಂಡನಿಗಾಗಿ ಕುಟುಂಬದ ಸೌಲಭ್ಯಗಳನ್ನು ಕೇಳಿದರು. ಪುರುಷ ಅಧಿಕಾರಿಯ ಹೆಂಡತಿಯು ಅವಲಂಬಿತಳೆಂದು ತಾನಾಗಿಯೇ ಭಾವಿಸಲ್ಪಡುತ್ತಿದ್ದಳು; ಸ್ತ್ರೀ ಅಧಿಕಾರಿಯ ಗಂಡನಾದರೋ ತನ್ನ ಜೀವನದ ಅರ್ಧಕ್ಕಿಂತ ಹೆಚ್ಚು ವೆಚ್ಚವು ಹೆಂಡತಿಯಿಂದ ನಡೆಯುತ್ತದೆಂದು ರುಜುವಾತು ಮಾಡಬೇಕಾಗಿತ್ತು. 1973ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಎಂಟು ಮಂದಿ ಈ ಭೇದವು ಸಲ್ಲದೆಂದರು. ಗಮನಿಸತಕ್ಕದ್ದೇನೆಂದರೆ, ಮೇಲ್ನೋಟಕ್ಕೆ ಅದು ಗಂಡಸಿಗೆ ಆದ ಅನ್ಯಾಯವಾದರೂ ನಿಜವಾಗಿ ಕಡಿಮೆಯಾದದ್ದು ಆ ಹೆಂಗಸಿನ ದುಡಿಮೆಯ ಬೆಲೆ: ಅದೇ ಸೇವೆಗೆ ಅವಳ ಮನೆಗೆ ಬರುವುದು ಕಡಿಮೆ. ಪಿಂಚಣಿಯು ಜೀವನಾಂಶವೆಂಬ ಭಾವನೆಯು ಇಲ್ಲಿಯೂ ತೊಡಕನ್ನು ಹುಟ್ಟಿಸಿತು. ವಿಧವೆಯ ಮರುವಿವಾಹಕ್ಕೆ ಶಿಕ್ಷೆ, ವಿಧುರನ ಬೇಡಿಕೆಗೆ ಸಂಶಯ, ಎರಡೂ ಒಂದೇ ಬೇರಿನಿಂದ ಬಂದ ಕೊಂಬೆಗಳು.

ಇನ್ನು ತಾಯಿತಂದೆಗಳು. ಸೈನಿಕನಿಗೆ ಹೆಂಡತಿಯಿದ್ದರೆ ಕುಟುಂಬ ಪಿಂಚಣಿಯು ಮೊದಲು ಅವಳದೇ. ಸಿಪಾಯಿದರ್ಜೆಯವರ ವಿಶೇಷ ಪಿಂಚಣಿಯಲ್ಲಿ, ವಿಧವೆಯು ಅವಲಂಬಿತರನ್ನು ನೋಡಿಕೊಳ್ಳದಿದ್ದರೆ ಭಾಗಮಾಡಿ ಕೊಡುವ ಅವಕಾಶವನ್ನು ನಿಬಂಧನೆಗಳು ಇಟ್ಟಿವೆ. ಆಸ್ತಿಯಲ್ಲಾದರೆ 1956ರ ಕಾನೂನಿನಂತೆ ತಾಯಿಯೂ ಹೆಂಡತಿಯೂ ಸಮಭಾಗದ ವಾರಸುದಾರರು. ಅಳಿಯಸಂತಾನದ ಹಳೆಯ ಕಟ್ಟಿನಲ್ಲಂತೂ ಸತ್ತವನ ಸ್ವತ್ತು ತಾಯಿಯ ಕವರಿಗೆ ಹೋಗಬೇಕು. ಆ ರೂಢಿಯ ನೆನಪು ಇನ್ನೂ ಮಾಸದ ಮನೆಯಲ್ಲಿ, ಮಗನ ಪಿಂಚಣಿಯು ಪೂರ್ತಿಯಾಗಿ ಸೊಸೆಗೆ ಹೋದಾಗ ಮುದುಕಿಗೆ ಆಗುವ ಕಸಿವಿಸಿಯನ್ನು ದುರಾಶೆಯೆಂದು ತಳ್ಳಿಹಾಕಲು ನಮಗೆ ಮನಸ್ಸು ಬರುವುದಿಲ್ಲ. 2024ರಲ್ಲಿ ಉತ್ತರದ ಒಬ್ಬ ಅಧಿಕಾರಿಯ ಮನೆಯವರಲ್ಲಿ ಹುಟ್ಟಿದ ಇಂತಹ ವಿವಾದವು ಪತ್ರಿಕೆಗಳಲ್ಲೆಲ್ಲ ಹರಡಿತು. ಇಪ್ಪತ್ತರ ಹರೆಯದ ವಿಧವೆಯನ್ನು ಕಂಡಕಂಡವರು ನಿಂದಿಸಿದರು. ಅದು ಬಹಳ ಹೀನವಾದ ನಡವಳಿಕೆ. ತಾಯಿಯ ಪಾಲನ್ನು ಹೆಂಡತಿಯ ಪಾಲಿನಿಂದ ಕಡಿಯಬೇಕಾಗಿಲ್ಲ. ವೃದ್ಧ ಅವಲಂಬಿತರಿಗೆ ಒಂದು ಪ್ರತ್ಯೇಕ ಚಿಕ್ಕ ಮೊತ್ತವನ್ನು ಕಟ್ಟಿಕೊಟ್ಟರೆ ಸೊಸೆಯೂ ಅತ್ತೆಯೂ ನ್ಯಾಯಾಲಯದಲ್ಲಿ ಎದುರಾಗುವುದು ತಪ್ಪೀತು.

ಈ ಪ್ರಶ್ನೆಯು ಮುಂದೆ ಹೆಚ್ಚು ತೀಕ್ಷ್ಣವಾಗಲಿದೆ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷಕ್ಕೆ ಸೇರುವ ಅಗ್ನಿವೀರನಿಗೆ ಪಿಂಚಣಿಯಿಲ್ಲ. ಅವನು ಸತ್ತರೆ 48 ಲಕ್ಷ ರೂಪಾಯಿಯ ವಿಮೆ. ಮರಣವು ಸೇವೆಗೆ ಸಂಬಂಧಿಸಿದ್ದಾದರೆ 44 ಲಕ್ಷ ರೂಪಾಯಿಯ ಅನುಗ್ರಹಧನ, ಉಳಿದ ಅವಧಿಯ ವೇತನ, ಸೇವಾನಿಧಿ. ಮೊತ್ತವು ದೊಡ್ಡದು, ಸಂದೇಹವಿಲ್ಲ. ಆದರೆ ಒಂದೇ ಸಲ ಕೈಗೆ ಬಂದ ಹಣಕ್ಕೂ ತಿಂಗಳು ತಿಂಗಳಿಗೆ ಬರುವ ಹಣಕ್ಕೂ ಇರುವ ಭೇದವನ್ನು ಮನೆ ನಡೆಸಿದವರು ಬಲ್ಲರು. ಭರ್ತಿಯ ಹೊತ್ತಿಗೆ ಅವಿವಾಹಿತನಾಗಿರಬೇಕೆಂಬ ನಿಯಮವಿರುವುದರಿಂದ ಇಲ್ಲಿ ಬಹುಮಟ್ಟಿಗೆ ಕಣ್ಣೀರಿಡುವವಳು ಹೆಂಡತಿಯಲ್ಲ, ತಾಯಿ. ಅದೇ ಕಂದಕದಲ್ಲಿ ಪಕ್ಕದಲ್ಲಿ ಬಿದ್ದ ಹಳೆಯ ಸಿಪಾಯಿಯ ಮನೆಗೆ ಜೀವಮಾನದ ಪಿಂಚಣಿ, ಇವಳಿಗೆ ಇಲ್ಲ. ಮರಣದ ಕಾರಣವನ್ನು ನೋಡಿ ಭೇದ ಮಾಡುವುದಕ್ಕೆ ಏನಾದರೂ ಸಮರ್ಥನೆಯುಂಟು. ಭರ್ತಿಯಾದ ತಾರೀಖನ್ನು ನೋಡಿ ಭೇದ ಮಾಡುವುದಕ್ಕೆ ಏನು ಹೇಳಬೇಕು?

ಕೊನೆಯದಾಗಿ, ಕೇಳುವವರಿಗೆ ಉಪಯೋಗವಾದೀತೆಂದು ಒಂದು ವ್ಯವಹಾರದ ಮಾತು. ಇಷ್ಟೆಲ್ಲ ಹಕ್ಕುಗಳೂ ಒಂದು ಹೆಸರಿನ ಮೇಲೆ ನಿಂತಿವೆ. ಮದುವೆಯಾದೊಡನೆ ಸೈನಿಕನು ತನ್ನ ದಳದ ದಾಖಲೆಯಲ್ಲಿ ಹೆಂಡತಿಯ ಹೆಸರನ್ನೂ ಜನ್ಮದಿನವನ್ನೂ ಬರೆಸಬೇಕು. ನಿವೃತ್ತನ ಪಿಂಚಣಿ ಆಜ್ಞೆಯಲ್ಲಿಯೂ ಅದೇ ಹೆಸರು ಬರಬೇಕು. ನಮ್ಮ ಕರಾವಳಿಯಲ್ಲಿ ಒಬ್ಬಳೇ ಹೆಂಗಸು ಶಾಲೆಯಲ್ಲಿ ಲೀಲಾವತಿ, ಪಡಿತರ ಚೀಟಿಯಲ್ಲಿ ಲೀಲಾ, ಆಧಾರಿನಲ್ಲಿ ಮನೆತನದ ಹೆಸರು ಕೂಡಿದ ಲೀಲಾವತಿ ಶೆಡ್ತಿ. ಕಥೋಲಿಕರಲ್ಲಿ ದೀಕ್ಷಾಸ್ನಾನದ ಹೆಸರೊಂದು, ಕರೆಯುವ ಹೆಸರೊಂದು. ಪ್ರಯಾಗರಾಜದ ಲೆಕ್ಕಪತ್ರ ಕಚೇರಿಗೆ ಇವರು ಮೂವರು ಬೇರೆ ಬೇರೆ ಹೆಂಗಸರು. 2021ರಿಂದ ‘ಸ್ಪರ್ಶ್’ ಎಂಬ ಗಣಕವ್ಯವಸ್ಥೆಯ ಮೂಲಕ ಪಿಂಚಣಿಯು ನೇರವಾಗಿ ಖಾತೆಗೆ ಬರುವಂತಾದ ಮೇಲೆ ಅಕ್ಷರದ ತಪ್ಪನ್ನು ಕ್ಷಮಿಸುವ ಗುಮಾಸ್ತನೂ ಇಲ್ಲವಾಗಿದ್ದಾನೆ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯವರು ಈ ತಿದ್ದುಪಡಿಗಳಿಗೆ ನೆರವಾಗುತ್ತಾರೆ. ಆದರೆ ತಿದ್ದಿಸತಕ್ಕ ಕಾಲವು ಗಂಡನು ಬದುಕಿರುವಾಗ, ರಜದಲ್ಲಿ ಮನೆಗೆ ಬಂದಾಗ, ಮಧ್ಯಾಹ್ನದ ಊಟವಾದ ಮೇಲೆ, ಇಬ್ಬರೂ ಕುಳಿತು ಕಾಗದಗಳನ್ನು ಎದುರಿಗೆ ಹರಡಿಕೊಂಡು.